ಜರ್ಮನ್ ಕ್ರಿಯಾಪದಕ್ಕೆ ಕನ್ನಡದ ‘ಕೊಳ್ಳು’ ಸಾಕು, ಇಂಗ್ಲಿಷ್ ದಾರಿ ಯಾಕೆ?

ಸಂಪಾದಕರಿಗೆ ನಮಸ್ಕಾರ.

ಜರ್ಮನ್ ಕಲಿಯುವ ಕನ್ನಡದವರ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ನರ್ಸ್ ಕೆಲಸಕ್ಕೆ ಹೋಗುವವರು, ಓದಲು ಹೋಗುವವರು, ಗಂಡನೋ ಹೆಂಡತಿಯೋ ಅಲ್ಲಿದ್ದಾರೆ ಅಂತ ಹೋಗುವವರು, ಹೀಗೆ ಎಲ್ಲ ಥರದವರೂ ಇದ್ದಾರೆ. ಕೆಲವು ವರ್ಷಗಳಿಂದ ಇಂಥವರಿಗೆ ನಾನು ಜರ್ಮನ್ ಹೇಳಿಕೊಡುತ್ತಾ ಬಂದಿದ್ದೇನೆ. ಇವರೆಲ್ಲ ಮನೆಯಲ್ಲಿ ಕನ್ನಡ ಮಾತಾಡುವವರು, ಯೋಚನೆ ಮಾಡುವುದೂ ಕನ್ನಡದಲ್ಲೇ. ಆದರೆ ಜರ್ಮನ್ ಪಾಠ ಮಾತ್ರ ಅವರಿಗೆ ಇಂಗ್ಲಿಷ್ ಮೂಲಕ ಸಿಗುತ್ತದೆ. ಇದರಿಂದ ಸುಲಭವಾದದ್ದೂ ಕಷ್ಟವಾಗುತ್ತದೆ. ಯಾಕೆ ಹೀಗೆ ಹೇಳುತ್ತೇನೆ ಅನ್ನುವುದಕ್ಕೆ ಒಂದೇ ಒಂದು ಕ್ರಿಯಾಪದ ಸಾಕು.

ಆ ಕ್ರಿಯಾಪದ ‘ಜ಼ಿಶ್ ಆನ್‌ತ್ಸೀಯೆನ್’. ಬಟ್ಟೆ ಹಾಕಿಕೊಳ್ಳುವುದು ಅಂತ ಅರ್ಥ. ಉಚ್ಚಾರದ ಬಗ್ಗೆ ಒಂದು ಮಾತು: ಇಲ್ಲಿ ಪದದ ಕೊನೆಯಲ್ಲಿ ‘ಶ್’ ಅಂತ ಬರೆದಿರುವ ಕಡೆ ಜರ್ಮನ್ನರ ಬಾಯಲ್ಲಿ ಬರುವುದು ನಮ್ಮ ಶ್ ಅಲ್ಲ, ಹ್ ಮತ್ತು ಶ್ ನಡುವಿನ ಒಂದು ಸದ್ದು. ಯ್ ಹೇಳುವಾಗ ನಾಲಿಗೆ ಇರುವ ಜಾಗದಲ್ಲೇ ಇಟ್ಟು ಬರೀ ಉಸಿರು ಬಿಟ್ಟರೆ ಅದು ಬರುತ್ತದೆ. ನಮ್ಮ ಲಿಪಿಯಲ್ಲಿ ಅದಕ್ಕೆ ಅಕ್ಷರವಿಲ್ಲ, ಹತ್ತಿರದ್ದನ್ನು ಬರೆಯುತ್ತೇನೆ.

ಪಾಠದಲ್ಲಿ ಇದು ಹೇಗೆ ಬರುತ್ತದೆ ನೋಡಿ. ‘ಟು ಗೆಟ್ ಡ್ರೆಸ್ಡ್’ ಅಂತ ಅರ್ಥ ಕೊಡುತ್ತಾರೆ. ಇದು ರಿಫ್ಲೆಕ್ಸಿವ್ ಕ್ರಿಯಾಪದ, ಅಂದರೆ ಮಾಡುವವನು ತನಗೇ ಮಾಡಿಕೊಳ್ಳುವ ಕೆಲಸ ಅಂತ ವಿವರಿಸುತ್ತಾರೆ. ಆಮೇಲೆ ಒಂದು ಪಟ್ಟಿ: ಮಿಶ್, ಡಿಶ್, ಜ಼ಿಶ್, ಉನ್ಸ್, ಒಯ್ಶ್, ಮತ್ತೆ ಜ಼ಿಶ್. ಬಾಯಿಪಾಠ ಮಾಡಿ ಅನ್ನುತ್ತಾರೆ. ಇಂಗ್ಲಿಷ್‌ನ ‘ಐ ಗೆಟ್ ಡ್ರೆಸ್ಡ್’ನಲ್ಲಿ ‘ನನಗೆ ನಾನೇ’ ಅನ್ನುವ ತುಂಡು ಎಲ್ಲೂ ಕಾಣುವುದಿಲ್ಲ. ಕಲಿಯುವ ಹುಡುಗಿ ತಲೆಯಲ್ಲಿ ಇಂಗ್ಲಿಷ್ ವಾಕ್ಯ ಇಟ್ಟುಕೊಂಡು ಜರ್ಮನ್‌ಗೆ ತಿರುಗಿಸಿದಾಗ ‘ಇಶ್ ತ್ಸೀಯೆ ಆನ್’ ಅನ್ನುತ್ತಾಳೆ (ಇಶ್ ಅಂದರೆ ನಾನು). ನಡುವಿನ ಮಿಶ್ ಬಿಟ್ಟುಹೋಯಿತು. ಕೇಳುವ ಜರ್ಮನ್ನರಿಗೆ ವಾಕ್ಯ ಅರ್ಧಕ್ಕೇ ನಿಂತ ಹಾಗೆ ಆಗುತ್ತದೆ. ಯಾರಿಗೆ ಹಾಕುತ್ತೀಯಾ, ಏನನ್ನು ಹಾಕುತ್ತೀಯಾ ಅಂತ ಅವರು ಕಾಯುತ್ತಾರೆ.

ಈಗ ಕನ್ನಡ ನೋಡಿ. ‘ಬಟ್ಟೆ ಹಾಕು’ ಅಂದರೆ ಒಂದು ಅರ್ಥ, ‘ಬಟ್ಟೆ ಹಾಕಿಕೋ’ ಅಂದರೆ ಇನ್ನೊಂದು. ಮಗುವಿಗೆ ಹಾಕುವುದು, ನಾನು ಹಾಕಿಕೊಳ್ಳುವುದು. ಮೂರು ವರ್ಷದ ಮಗುವಿಗೂ ಈ ವ್ಯತ್ಯಾಸ ಗೊತ್ತು. ‘ನಾನೇ ಹಾಕ್ಕೋತೀನಿ’ ಅಂತ ಅದು ಹಟ ಮಾಡುವಾಗ ಆ ‘ಕೊ’ದ ಮೇಲೇ ಇಡೀ ಜಗಳ ನಿಂತಿರುತ್ತದೆ. ಜರ್ಮನ್ನರು ಮಿಶ್, ಡಿಶ್, ಜ಼ಿಶ್ ಸೇರಿಸಿ ಏನು ಹೇಳುತ್ತಾರೋ ಅದನ್ನೇ ನಾವು ಕೊಳ್ಳು ಸೇರಿಸಿ ಹೇಳುತ್ತೇವೆ. ‘ಇಶ್ ತ್ಸೀಯೆ ಡಸ್ ಕಿಂಟ್ ಆನ್’, ಮಗುವಿಗೆ ಬಟ್ಟೆ ಹಾಕುತ್ತೇನೆ. ‘ಇಶ್ ತ್ಸೀಯೆ ಮಿಶ್ ಆನ್’, ಬಟ್ಟೆ ಹಾಕಿಕೊಳ್ಳುತ್ತೇನೆ. ಇಷ್ಟನ್ನು ಕನ್ನಡದಲ್ಲಿ ಹೇಳಿದ ಮೇಲೆ ರಿಫ್ಲೆಕ್ಸಿವ್ ಅಂದರೇನು ಅಂತ ಯಾರಿಗೂ ಬೇರೆ ವಿವರಣೆ ಬೇಕಾಗುವುದಿಲ್ಲ.

ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಅದನ್ನು ಆರು ಹೊಸ ಪದಗಳ ಹಾಗೆ ಉರು ಹೊಡೆಸುತ್ತಾರಲ್ಲ, ಅದು ಬೇಕಾಗಿಯೇ ಇಲ್ಲ. ಮಿಶ್ ಅಂದರೆ ‘ನನ್ನನ್ನು’, ಡಿಶ್ ಅಂದರೆ ‘ನಿನ್ನನ್ನು’. ಮೊದಲ ತಿಂಗಳ ಪಾಠದಲ್ಲೇ ಬರುವ ಮಾಮೂಲಿ ಪದಗಳು ಇವು. ಉನ್ಸ್ (ನಮ್ಮನ್ನು), ಒಯ್ಶ್ (ನಿಮ್ಮನ್ನು) ಕೂಡ ಹಾಗೇ. ನಿಜವಾಗಿ ಹೊಸದು ಜ಼ಿಶ್ ಒಂದೇ, ಅದು ಬರುವುದು ಅವನು, ಅವಳು, ಅದು, ಅವರು ಇರುವ ಕಡೆ ಮಾತ್ರ. ಯಾಕೆ ಅಂದರೆ ಅಲ್ಲಿ ಗೊಂದಲಕ್ಕೆ ಜಾಗವಿದೆ. ‘ಅವನು ಅವನನ್ನು ನೋಡಿದ’ ಅಂದರೆ ಬೇರೆ ಯಾರನ್ನೋ ನೋಡಿದ. ‘ಅವನು ತನ್ನನ್ನು ನೋಡಿಕೊಂಡ’ ಅಂದರೆ ತನ್ನನ್ನೇ. ನಮ್ಮ ‘ತಾನು’, ‘ತನ್ನ’ ಕೂಡ ಇದೇ ಕಾರಣಕ್ಕೆ ಇದೇ ಜಾಗದಲ್ಲಿ ಮಾತ್ರ ಬರುತ್ತವೆ, ಅಲ್ವಾ? ‘ನಾನು ನನ್ನನ್ನು’ ಅನ್ನುತ್ತೇವೆ, ‘ನಾನು ತನ್ನನ್ನು’ ಅನ್ನುವುದಿಲ್ಲ. ಜರ್ಮನ್ ಕೂಡ ಅಷ್ಟೇ. ‘ಏರ್ ತ್ಸೀಟ್ ಈನ್ ಆನ್’ ಅಂದರೆ ಅವನು ಇನ್ನೊಬ್ಬನಿಗೆ ಬಟ್ಟೆ ಹಾಕುತ್ತಾನೆ. ‘ಏರ್ ತ್ಸೀಟ್ ಜ಼ಿಶ್ ಆನ್’ ಅಂದರೆ ತಾನೇ ಹಾಕಿಕೊಳ್ಳುತ್ತಾನೆ. ಇಂಗ್ಲಿಷ್‌ನಲ್ಲಿ ಮೈಸೆಲ್ಫ್, ಯುವರ್‌ಸೆಲ್ಫ್, ಹಿಮ್‌ಸೆಲ್ಫ್ ಅಂತ ಎಲ್ಲದಕ್ಕೂ ಒಂದೇ ಅಚ್ಚು. ಅದರ ಮೂಲಕ ಬಂದರೆ ಈ ಜೋಡಣೆ ಕಣ್ಣಿಗೇ ಬೀಳುವುದಿಲ್ಲ.

ಗೌರವ ಕೊಟ್ಟು ಮಾತಾಡಿಸುವ ‘ಜ಼ೀ’ ಬಗ್ಗೆಯೂ ಇದೇ ತೊಂದರೆ. ಎದುರಿಗಿರುವವರಿಗೆ ‘ನೀವು’ ಅನ್ನುತ್ತಿದ್ದೇವೆ, ಹಾಗಿದ್ದ ಮೇಲೆ ಒಯ್ಶ್ ಬರಬೇಕಲ್ಲ, ಜ಼ಿಶ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ‘ತ್ಸೀಯೆನ್ ಜ಼ೀ ಜ಼ಿಶ್ ಆನ್’ ಅಂತಲೇ ಹೇಳಬೇಕು. ಯಾಕೆ ಅಂದರೆ ಆ ‘ಜ಼ೀ’ ಮೂಲದಲ್ಲಿ ‘ಅವರು’. ಎದುರಿಗಿರುವವರನ್ನೇ ‘ಅವರು’ ಅಂತ ಕರೆದು ಗೌರವ ಕೊಡುವ ರೀತಿ ಅದು. ನಮ್ಮಲ್ಲೂ ‘ತಾವು ಕೂತುಕೊಳ್ಳಿ’ ಅನ್ನುತ್ತೇವೆ. ಆ ‘ತಾವು’ ಎಲ್ಲಿಂದ ಬಂತು? ‘ತಾನು’ವಿನ ಬಹುವಚನ ಅದು. ಇದನ್ನು ಕನ್ನಡದವರಿಗೆ ಒಂದೇ ನಿಮಿಷದಲ್ಲಿ ಹೇಳಬಹುದು, ಇಂಗ್ಲಿಷ್‌ನಲ್ಲಿ ಒಂದು ಗಂಟೆ ಹೇಳಿದರೂ ಒಳಗೆ ಇಳಿಯುವುದಿಲ್ಲ. ಬರೆಯುವಾಗ ಗೌರವದ ಜ಼ೀಗೆ ದೊಡ್ಡಕ್ಷರ, ಅದರ ಜೊತೆ ಬರುವ ಜ಼ಿಶ್‌ಗೆ ಚಿಕ್ಕಕ್ಷರ. ಪರೀಕ್ಷೆಯಲ್ಲಿ ಪತ್ರ ಬರೆಯುವವರು ಇದನ್ನು ಗಮನಿಸಬೇಕು.

ಮುಂದಿನ ಮೆಟ್ಟಿಲು ಮಿಶ್ ಮತ್ತು ಮೀರ್. ಇಲ್ಲಿ ತುಂಬ ಜನ ಸೋತುಹೋಗುತ್ತಾರೆ. ಬರೀ ಬಟ್ಟೆ ಹಾಕಿಕೊಳ್ಳುತ್ತೇನೆ ಅನ್ನುವುದಾದರೆ ‘ಇಶ್ ತ್ಸೀಯೆ ಮಿಶ್ ಆನ್’. ಜಾಕೆಟ್ ಹಾಕಿಕೊಳ್ಳುತ್ತೇನೆ ಅಂತ ವಸ್ತುವಿನ ಹೆಸರು ಹೇಳಿದ ತಕ್ಷಣ ‘ಇಶ್ ತ್ಸೀಯೆ ಮೀರ್ ಡೀ ಯಕೆ ಆನ್’. ಮಿಶ್ ಹೋಗಿ ಮೀರ್ ಬಂತು. ಮೀರ್ ಅಂದರೆ ‘ನನಗೆ’. ಇಂಗ್ಲಿಷ್ ವ್ಯಾಕರಣದಲ್ಲಿ ಇದನ್ನು ಡೇಟಿವ್ ಅಂತ ಹೆಸರಿಟ್ಟು ಹೇಳಬೇಕು, ಇಂಗ್ಲಿಷ್‌ನಲ್ಲಿ ಅದು ಪದದ ರೂಪದಲ್ಲಿ ಕಾಣುವುದೂ ಇಲ್ಲ. ನನ್ನನ್ನು ಬೇರೆ, ನನಗೆ ಬೇರೆ ಅನ್ನುವುದು ನಮಗೆ ಹುಟ್ಟಿನಿಂದಲೇ ಗೊತ್ತು. ‘ಮಗುವಿಗೆ ಜಾಕೆಟ್ ಹಾಕು’ ಅನ್ನುತ್ತೇವೆ, ‘ಮಗುವನ್ನು ಜಾಕೆಟ್ ಹಾಕು’ ಅನ್ನುವುದಿಲ್ಲ. ಜರ್ಮನ್ ಕೂಡ ‘ಇಶ್ ತ್ಸೀಯೆ ಡೇಮ್ ಕಿಂಟ್ ಡೀ ಯಕೆ ಆನ್’ ಅನ್ನುತ್ತದೆ. ಡೇಮ್ ಕಿಂಟ್, ಮಗುವಿಗೆ. ಒಂದಕ್ಕೊಂದು ಸರಿಯಾಗಿ ಕೂರುತ್ತದೆ. ಎಚ್ಚರ ಬೇಕಾದದ್ದು ಒಂದೇ ಕಡೆ: ವಸ್ತುವಿನ ಹೆಸರು ಬರದಿದ್ದಾಗ ಕನ್ನಡದ ‘ಗೆ’ ಬಿಟ್ಟು ಜರ್ಮನ್ ‘ಅನ್ನು’ ಕೇಳುತ್ತದೆ, ‘ಡಸ್ ಕಿಂಟ್’ ಅನ್ನುತ್ತದೆ. ಇನ್ನೊಂದು ಸಮಾಧಾನದ ವಿಷಯವಿದೆ. ಈ ಬದಲಾವಣೆ ಕಾಣುವುದು ಮಿಶ್ ಮೀರ್ ಆಗುವಾಗ, ಡಿಶ್ ಡೀರ್ ಆಗುವಾಗ, ಎರಡೇ ಕಡೆ. ಜ಼ಿಶ್, ಉನ್ಸ್, ಒಯ್ಶ್ ಯಾವಾಗಲೂ ಹಾಗೇ ಇರುತ್ತವೆ. ಅಂದಹಾಗೆ, ಜಾಕೆಟ್‌ನ ಹೆಸರು ಹೇಳಿದಾಗ ಮೀರ್ ಬಿಟ್ಟರೂ ತಪ್ಪಲ್ಲ. ‘ಇಶ್ ತ್ಸೀಯೆ ಡೀ ಯಕೆ ಆನ್’ ಅಂತ ಜರ್ಮನ್ನರು ದಿನಾ ಹೇಳುತ್ತಾರೆ.

ಕೈ ತೊಳೆಯುವುದಕ್ಕೂ ಇದೇ ಲೆಕ್ಕ. ‘ಇಶ್ ವಶೆ ಮೀರ್ ಡೀ ಹೆಂಡೆ’. ಇಂಗ್ಲಿಷ್‌ನವರು ‘ಮೈ ಹ್ಯಾಂಡ್ಸ್’ ಅನ್ನುತ್ತಾರೆ, ಹಾಗಾಗಿ ಇಂಗ್ಲಿಷ್ ಮೂಲಕ ಕಲಿತವರು ‘ಮೈನೆ ಹೆಂಡೆ’ ಅಂತ ಸೇರಿಸುತ್ತಾರೆ. ಜರ್ಮನ್ನರು ಸಾಮಾನ್ಯವಾಗಿ ಹಾಗೆ ಹೇಳುವುದಿಲ್ಲ. ಕೈ ಯಾರದ್ದು ಅನ್ನುವುದನ್ನು ಮೀರ್ ಆಗಲೇ ಹೇಳಿದೆಯಲ್ಲ. ನಾವೂ ‘ಕೈ ತೊಳೆದುಕೊಂಡೆ’ ಅನ್ನುತ್ತೇವೆ. ‘ನನ್ನ ಕೈಗಳನ್ನು ತೊಳೆದುಕೊಂಡೆ’ ಅಂತ ಯಾರೂ ಮನೆಯಲ್ಲಿ ಮಾತಾಡುವುದಿಲ್ಲ. ಹಲ್ಲುಜ್ಜಿಕೊಳ್ಳುವುದು, ತಲೆ ಬಾಚಿಕೊಳ್ಳುವುದು, ಎಲ್ಲಕ್ಕೂ ಇದೇ.

‘ಆನ್’ ಬಗ್ಗೆ ಹೇಳಲೇಬೇಕು. ತ್ಸೀಯೆನ್ ಅಂದರೆ ಎಳೆಯುವುದು, ಆನ್ ಅಂದರೆ ಮೇಲೆ, ಹತ್ತಿರಕ್ಕೆ. ಬಟ್ಟೆಯನ್ನು ಮೈಮೇಲೆ ಎಳೆದುಕೊಳ್ಳುವುದು. ಈ ಆನ್ ಸಾಮಾನ್ಯ ವಾಕ್ಯದಲ್ಲಿ ಬಿಡಿಸಿಕೊಂಡು ಕೊನೆಗೆ ಹೋಗಿ ಕೂರುತ್ತದೆ. ‘ಹೊಯ್ಟೆ ತ್ಸೀಟ್ ಜ಼ಿಶ್ ಡಸ್ ಕಿಂಟ್ ಅಲೈನ್ ಆನ್’, ಅಂದರೆ ಇವತ್ತು ಮಗು ಯಾರ ಸಹಾಯವೂ ಇಲ್ಲದೆ ತಾನೇ ಬಟ್ಟೆ ಹಾಕಿಕೊಳ್ಳುತ್ತಿದೆ. ಕೊನೆಯ ಆನ್ ಬರುವವರೆಗೆ ಮಗು ಬಟ್ಟೆ ಹಾಕಿಕೊಳ್ಳುತ್ತಿದೆಯೋ ಬಿಚ್ಚುತ್ತಿದೆಯೋ ಗೊತ್ತಾಗುವುದಿಲ್ಲ. ಆನ್ ಜಾಗದಲ್ಲಿ ಔಸ್ ಬಂದಿದ್ದರೆ ಬಿಚ್ಚುತ್ತಿದೆ ಅಂತ. ಇಂಗ್ಲಿಷ್ ಅಭ್ಯಾಸದವರಿಗೆ ಇದು ಹಿಂಸೆ ಅನ್ನಿಸಬಹುದು. ವಾಕ್ಯದ ಕೊನೆಯವರೆಗೆ ಕಾಯುವುದು ನಮಗೇನು ಹೊಸದಾ? ಮಾಡುತ್ತಾನೋ ಮಾಡುವುದಿಲ್ಲವೋ ಅನ್ನುವುದು ಕನ್ನಡದಲ್ಲಿ ಗೊತ್ತಾಗುವುದೇ ಕೊನೆಯ ಪದದಲ್ಲಿ. ‘ಇಶ್ ಮುಸ್ ಮಿಶ್ ಆನ್‌ತ್ಸೀಯೆನ್’, ನಾನು ಬಟ್ಟೆ ಹಾಕಿಕೊಳ್ಳಬೇಕು. ‘ವೈಲ್ ಇಶ್ ಮಿಶ್ ಆನ್‌ತ್ಸೀಯೆ’, ನಾನು ಬಟ್ಟೆ ಹಾಕಿಕೊಳ್ಳುತ್ತಿರುವುದರಿಂದ. ಇಲ್ಲೆಲ್ಲ ಆನ್ ಮತ್ತೆ ಬಂದು ಅಂಟಿಕೊಂಡಿತು, ಕ್ರಿಯಾಪದ ಕೊನೆಗೆ ಹೋಯಿತು. ‘ವೈಲ್’ ಬಂದರೆ ಕ್ರಿಯಾಪದವನ್ನು ಕೊನೆಗೆ ತಳ್ಳಿ ಅಂತ ನಿಯಮವಾಗಿ ಹೇಳುತ್ತಾರೆ. ಕನ್ನಡದ ಹಾಗೆ ಹೇಳಿ ಅಂದುಬಿಟ್ಟರೆ ನಿಯಮವೇ ಬೇಡ.

ಆದ ಕೆಲಸ ಹೇಳುವಾಗ ಜರ್ಮನ್‌ನಲ್ಲಿ ಎರಡು ಸಹಾಯಕ ಪದಗಳಲ್ಲಿ ಒಂದು ಬರುತ್ತದೆ: ಹಾಬೆನ್ (ಇಶ್ ಜೊತೆ ‘ಹಾಬೆ’) ಅಥವಾ ಜ಼ೈನ್ (ಇಶ್ ಜೊತೆ ‘ಬಿನ್’). ಬಟ್ಟೆ ಹಾಕಿಕೊಂಡೆ ಅನ್ನಲು ‘ಇಶ್ ಹಾಬೆ ಮಿಶ್ ಆನ್‌ಗೆತ್ಸೋಗೆನ್’. ಮಿಶ್, ಜ಼ಿಶ್ ಇರುವ ಕಡೆ ಹಾಬೆನ್ ಬರುತ್ತದೆ, ಜ಼ೈನ್ ಬರುವುದಿಲ್ಲ. ಇದನ್ನು ಸುಮ್ನೆ ನಿಯಮ ಅಂತ ಪಕ್ಕಕ್ಕಿಡಬಾರದು, ಯಾಕೆ ಅಂದರೆ ಇದರಲ್ಲೇ ಅರ್ಥ ಪಲ್ಟಿ ಹೊಡೆಯುತ್ತದೆ. ‘ಇಶ್ ಬಿನ್ ಉಮ್‌ಗೆತ್ಸೋಗೆನ್’ ಅಂದರೆ ಮನೆ ಬದಲಾಯಿಸಿದೆ. ‘ಇಶ್ ಹಾಬೆ ಮಿಶ್ ಉಮ್‌ಗೆತ್ಸೋಗೆನ್’ ಅಂದರೆ ಬಟ್ಟೆ ಬದಲಾಯಿಸಿದೆ. ‘ಇಶ್ ತ್ಸೀಯೆ ಔಸ್’ ಅಂದರೆ ಈ ಮನೆ ಬಿಟ್ಟು ಹೋಗುತ್ತಿದ್ದೇನೆ. ‘ಇಶ್ ತ್ಸೀಯೆ ಮಿಶ್ ಔಸ್’ ಅಂದರೆ ಬಟ್ಟೆ ಬಿಚ್ಚುತ್ತಿದ್ದೇನೆ. ಹೊಸದಾಗಿ ಹೋದವರು ಮೊದಲ ವರ್ಷದಲ್ಲಿ ಮನೆ ಬದಲಾಯಿಸುತ್ತಲೇ ಇರುತ್ತಾರೆ, ಮನೆ ಮಾಲೀಕರ ಜೊತೆ ಈ ಮಾತು ಆಡಲೇಬೇಕು. ಅಲ್ಲಿ ಒಂದು ಮಿಶ್ ಜಾಸ್ತಿ ಬಿದ್ದರೆ ಎಷ್ಟು ಮುಜುಗರ ಅಂತ ಯೋಚಿಸಿ.

ಇನ್ನು ನರ್ಸ್‌ಗಳ ವಿಷಯ. ನಾನು ಈ ಪತ್ರ ಬರೆಯಲು ಮುಖ್ಯ ಕಾರಣ ಅವರೇ. ಜರ್ಮನಿಯಲ್ಲಿ ನರ್ಸ್ ಆಗಿ ಪೂರ್ತಿ ಮಾನ್ಯತೆ ಸಿಗಬೇಕಾದರೆ ಸಾಮಾನ್ಯವಾಗಿ ಬಿ2 ಮಟ್ಟದ, ಅಂದರೆ ಆರು ಮೆಟ್ಟಿಲಲ್ಲಿ ನಾಲ್ಕನೆಯ ಮೆಟ್ಟಿಲಿನ ಭಾಷೆ ಕೇಳುತ್ತಾರೆ. ಅಷ್ಟು ಓದಿ, ಪರೀಕ್ಷೆ ಪಾಸಾಗಿ ಹೋದ ಹೆಣ್ಣುಮಕ್ಕಳಿಗೆ ಅಲ್ಲಿ ವಾರ್ಡಿನಲ್ಲಿ ಬೆಳಗ್ಗೆ ಮೊದಲು ಎದುರಾಗುವುದು ದೊಡ್ಡ ದೊಡ್ಡ ವೈದ್ಯಕೀಯ ಪದಗಳಲ್ಲ, ಇದೇ ಬಟ್ಟೆ ಹಾಕುವ, ಹಾಕಿಕೊಳ್ಳುವ ಮಾತು. ವಯಸ್ಸಾದವರನ್ನು ಎಬ್ಬಿಸಿ, ಮುಖ ತೊಳೆಸಿ, ಬಟ್ಟೆ ಹಾಕುವುದು ಅಲ್ಲಿ ನರ್ಸ್ ಕೆಲಸದ ದೊಡ್ಡ ಭಾಗ. ಅಲ್ಲಿ ಜ಼ಿಶ್ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಎಷ್ಟೋ ನಿಂತಿದೆ. ‘ಡೀ ಪಾತ್ಸಿಯೆಂಟಿನ್ ತ್ಸೀಟ್ ಜ಼ಿಶ್ ಆನ್’ ಅಂದರೆ ಆ ಅಜ್ಜಿ ತಾನೇ ಬಟ್ಟೆ ಹಾಕಿಕೊಳ್ಳುತ್ತಾರೆ. ‘ಇಶ್ ತ್ಸೀಯೆ ಡೀ ಪಾತ್ಸಿಯೆಂಟಿನ್ ಆನ್’ ಅಂದರೆ ನಾನು ಹಾಕುತ್ತೇನೆ, ಅವರಿಗೆ ಆಗುವುದಿಲ್ಲ. ಇದು ಬರೀ ವ್ಯಾಕರಣ ಅಲ್ಲ. ಪಾಳಿ ಬದಲಾಗುವಾಗ ಮುಂದಿನ ನರ್ಸ್‌ಗೆ ಕೊಡುವ ಮಾಹಿತಿ ಇದು.

ಜರ್ಮನಿಯಲ್ಲಿ ಆರೈಕೆ ಬೇಕಾದವರಿಗೆ 2017ರಿಂದ ಐದು ದರ್ಜೆಗಳಿವೆ, ಫ್ಲೇಗೆಗ್ರಾಡ್ ಅನ್ನುತ್ತಾರೆ. ಎಷ್ಟು ಸಹಾಯ, ಎಷ್ಟು ಹಣ ಸಿಗುತ್ತದೆ ಅನ್ನುವುದು ಆ ದರ್ಜೆಯ ಮೇಲೆ. ದರ್ಜೆ ನಿರ್ಧರಿಸುವಾಗ ಜಾಸ್ತಿ ತೂಕ, ಅಂದರೆ ಶೇ. 40, ತನ್ನ ಕೆಲಸ ತಾನು ಮಾಡಿಕೊಳ್ಳುವ ಶಕ್ತಿಗೆ. ಮೈ ತೊಳೆದುಕೊಳ್ಳುವುದು, ಉಣ್ಣುವುದು, ಶೌಚಕ್ಕೆ ಹೋಗುವುದರ ಜೊತೆಗೆ, ಮೈಯ ಮೇಲ್ಭಾಗಕ್ಕೆ ಬಟ್ಟೆ ಹಾಕಿಕೊಳ್ಳುವುದು ಬಿಚ್ಚುವುದು ಒಂದು ಅಂಶ, ಕೆಳಭಾಗಕ್ಕೆ ಹಾಕಿಕೊಳ್ಳುವುದು ಬಿಚ್ಚುವುದು ಇನ್ನೊಂದು ಅಂಶ. ಪೂರ್ತಿ ತಾನೇ, ಬಹುಪಾಲು ತಾನೇ, ಸ್ವಲ್ಪ ಮಾತ್ರ ತಾನೇ, ಏನೂ ಆಗುವುದಿಲ್ಲ ಅಂತ ನಾಲ್ಕು ಹಂತದಲ್ಲಿ ಗುರುತು ಹಾಕುತ್ತಾರೆ. ನರ್ಸ್ ಬರೆದಿಟ್ಟ ದಾಖಲೆಯನ್ನೂ ನೋಡುತ್ತಾರೆ. ಅಂಥ ಕಡೆ ಜ಼ಿಶ್ ಬಿಟ್ಟು ಬರೆಯುವುದು, ಬೇಡದ ಕಡೆ ಸೇರಿಸುವುದು ಒಬ್ಬ ಮುದುಕರ ಪಾಲಿಗೆ ಸಣ್ಣ ವಿಷಯ ಅಲ್ಲ.

ಇನ್ನೂ ಒಂದು ಸೂಕ್ಷ್ಮ ಇದೆ. ಅಲ್ಲಿನ ಆರೈಕೆಯಲ್ಲಿ ‘ಆಕ್ಟಿವೀರೆಂಡೆ ಫ್ಲೇಗೆ’ ಅನ್ನುವ ಪದ್ಧತಿ ಇದೆ. ರೋಗಿಗೆ ಮಾಡಲು ಆಗುವಷ್ಟನ್ನು ರೋಗಿಯೇ ಮಾಡಲಿ, ಆಗದ್ದಕ್ಕೆ ಮಾತ್ರ ನಾವು ಕೈ ಹಾಕೋಣ ಅಂತ. ಪಾರ್ಶ್ವವಾಯು ಆದವರಿಗೆ ಬಲಹೀನ ತೋಳಿಗೆ ಮೊದಲು ಅಂಗಿ ಏರಿಸಿ, ಗಟ್ಟಿ ತೋಳನ್ನು ಅವರೇ ತೂರಿಸಿಕೊಳ್ಳಲು ಬಿಡುತ್ತಾರೆ. ಬಿಚ್ಚುವಾಗ ಉಲ್ಟಾ, ಗಟ್ಟಿ ತೋಳು ಮೊದಲು. ಇಲ್ಲಿ ಯಾರು ಹಾಕಿದರು, ಯಾರು ಹಾಕಿಕೊಂಡರು? ಜರ್ಮನ್‌ನಲ್ಲಿ ‘ಏರ್ ತ್ಸೀಟ್ ಜ಼ಿಶ್ ಮಿಟ್ ಹಿಲ್ಫೆ ಆನ್’, ಸಹಾಯದಿಂದ ತಾನೇ ಹಾಕಿಕೊಳ್ಳುತ್ತಾನೆ. ಪೂರ್ತಿ ಬೇರೆಯವರ ಕೈಯಿಂದ ಆದರೆ ‘ಏರ್ ಲೆಸ್ಟ್ ಜ಼ಿಶ್ ಆನ್‌ತ್ಸೀಯೆನ್’, ಹಾಕಿಸಿಕೊಳ್ಳುತ್ತಾನೆ. ನೋಡಿ, ಹಾಕು, ಹಾಕಿಕೊಳ್ಳು, ಹಾಕಿಸಿಕೊಳ್ಳು. ಜರ್ಮನ್ ಎರಡು ಮೂರು ಪದ ಜೋಡಿಸಿ ಹೇಳುವುದನ್ನು ಕನ್ನಡ ಒಂದೇ ಪದದೊಳಗೆ ಇಟ್ಟಿದೆ. ಇಷ್ಟು ಸಲಕರಣೆ ಕೈಯಲ್ಲಿರುವ ಹುಡುಗಿಗೆ, ಇದು ನಿನಗೆ ಗೊತ್ತಿರುವುದೇ ಕಣಮ್ಮ ಅಂತ ಹೇಳುವ ಬದಲು, ಇಂಗ್ಲಿಷ್‌ನಲ್ಲಿ ಕಾಸೇಟಿವ್, ರಿಫ್ಲೆಕ್ಸಿವ್ ಅಂತ ಹೆದರಿಸುವುದು ಅನ್ಯಾಯ. ನನಗೆ ಇದರ ಬಗ್ಗೆ ನಿಜವಾಗಿಯೂ ಸಂಕಟ ಇದೆ.

ಮೇಲಿನ ‘ಲೆಸ್ಟ್’ ಅನ್ನುವುದು ‘ಲಸೆನ್’ನ ರೂಪ, ಇನ್ನೊಬ್ಬರಿಂದ ಮಾಡಿಸುವುದು ಅಂತ. ಅದು ಬಂತು ಅಂತ ಕೂದಲಿನ ಮಾತೂ ಹೇಳಿಬಿಡುತ್ತೇನೆ. ‘ಇಶ್ ಶ್ನೈಡೆ ಮೀರ್ ಡೀ ಹಾರೆ’ ಅಂದರೆ ಕತ್ತರಿ ಹಿಡಿದು ನಾನೇ ನನ್ನ ಕೂದಲು ಕತ್ತರಿಸಿಕೊಳ್ಳುತ್ತೇನೆ ಅಂತ. ಸಲೂನಿಗೆ ಹೋಗುವುದಾದರೆ ‘ಇಶ್ ಲಸೆ ಮೀರ್ ಡೀ ಹಾರೆ ಶ್ನೈಡೆನ್’, ಕಟಿಂಗ್ ಮಾಡಿಸಿಕೊಳ್ಳುತ್ತೇನೆ. ಮಾಡಿಕೊಳ್ಳು, ಮಾಡಿಸಿಕೊಳ್ಳು, ಅಷ್ಟೇ ವ್ಯತ್ಯಾಸ.

ಬಟ್ಟೆ ಬದಲಾಯಿಸುವ ‘ಜ಼ಿಶ್ ಉಮ್‌ತ್ಸೀಯೆನ್’ ಕೂಡ ನರ್ಸ್‌ಗಳಿಗೆ ದಿನನಿತ್ಯದ ಪದ. ಯಾಕೆ ಅಂದರೆ ಸಮವಸ್ತ್ರ ಆಸ್ಪತ್ರೆಯಲ್ಲೇ ಹಾಕಿಕೊಳ್ಳಬೇಕು. ಕೆಲಸಕ್ಕೆ ಇಂಥದೇ ಬಟ್ಟೆ ಬೇಕು, ಅದನ್ನು ಕೆಲಸದ ಜಾಗದಲ್ಲೇ ಬದಲಾಯಿಸಬೇಕು ಅಂತ ಕೆಲಸ ಕೊಟ್ಟವರು ಹೇಳಿದ್ದರೆ ಬದಲಾಯಿಸುವ ಹೊತ್ತೂ ಸಂಬಳ ಸಿಗಬೇಕಾದ ಕೆಲಸದ ಹೊತ್ತೇ ಅಂತ ಜರ್ಮನಿಯ ಫೆಡರಲ್ ಕಾರ್ಮಿಕ ನ್ಯಾಯಾಲಯ 2012ರಲ್ಲಿ ಹೇಳಿದೆ. ಹೋಗುವವರು ಈ ಪದವನ್ನೂ ಈ ಹಕ್ಕನ್ನೂ ಒಟ್ಟಿಗೆ ಕಲಿತು ಹೋದರೆ ಒಳ್ಳೆಯದು.

ಡಾಕ್ಟರ ಹತ್ತಿರ ಹೋದಾಗ ಪುಸ್ತಕದ ಪಾಠ ಸಾಲುವುದಿಲ್ಲ. ಪರೀಕ್ಷೆ ಮಾಡಲು ಬಟ್ಟೆ ತೆಗೆಯಿರಿ ಅನ್ನಲು ಅಲ್ಲಿನ ಡಾಕ್ಟರುಗಳು ‘ಮಾಖೆನ್ ಜ಼ೀ ಜ಼ಿಶ್ ಬಿಟೆ ಫ್ರೈ’ ಅನ್ನುವುದು ರೂಢಿ. ಪದಕ್ಕೆ ಪದ ಇಟ್ಟರೆ ‘ನಿಮ್ಮನ್ನು ಬಿಡುವು ಮಾಡಿಕೊಳ್ಳಿ’ ಅಂತಾಗುತ್ತದೆ. ಮೊದಲ ಸಲ ಕೇಳಿದವರಿಗೆ ತಲೆಬುಡ ಗೊತ್ತಾಗುವುದಿಲ್ಲ. ಅಂಗಿ ತೆಗೆಯಿರಿ ಅಂತ ಅರ್ಥ. ಎಲ್ಲ ಮುಗಿದ ಮೇಲೆ ‘ಜ಼ೀ ಕೊನೆನ್ ಜ಼ಿಶ್ ವೀಡರ್ ಆನ್‌ತ್ಸೀಯೆನ್’, ಇನ್ನು ಬಟ್ಟೆ ಹಾಕಿಕೊಳ್ಳಬಹುದು ಅನ್ನುತ್ತಾರೆ. ಈ ಎರಡು ವಾಕ್ಯ ಬಂದರೆ ಅರ್ಧ ಭಯ ಹೋಗುತ್ತದೆ.

ಆನ್‌ತ್ಸೀಯೆನ್‌ಗೆ ಬೇರೆ ಅರ್ಥಗಳೂ ಇವೆ, ಎಲ್ಲದರಲ್ಲೂ ಎಳೆಯುವುದು ಇದ್ದೇ ಇದೆ. ಸ್ಕ್ರೂ ಬಿಗಿ ಮಾಡುವುದು ಆನ್‌ತ್ಸೀಯೆನ್. ಆಯಸ್ಕಾಂತ ಕಬ್ಬಿಣವನ್ನು ಎಳೆಯುವುದೂ ಅದೇ. ‘ಗೇಗೆನ್‌ಜ಼ೆಟ್ಸೆ ತ್ಸೀಯೆನ್ ಜ಼ಿಶ್ ಆನ್’ ಅನ್ನುವ ಮಾತು ಜರ್ಮನ್ನರ ಬಾಯಲ್ಲಿ ಆಗಾಗ ಬರುತ್ತದೆ. ಒಂದಕ್ಕೊಂದು ವಿರುದ್ಧ ಇರುವವು ಒಂದನ್ನೊಂದು ಸೆಳೆಯುತ್ತವೆ ಅಂತ ಅರ್ಥ, ಬಟ್ಟೆಗೂ ಅದಕ್ಕೂ ಸಂಬಂಧವಿಲ್ಲ. ‘ತ್ಸೀ ಡಿಶ್ ವಾರ್ಮ್ ಆನ್’ ಅಂದರೆ ಬೆಚ್ಚಗೆ ಬಟ್ಟೆ ಹಾಕಿಕೋ ಅಂತ ತಾಯಿ ಮಗನಿಗೆ ಹೇಳುವುದು. ಅದನ್ನೇ ಇನ್ನೊಂದು ಸಂದರ್ಭದಲ್ಲಿ ಹೇಳಿದರೆ ಮುಂದೆ ಕಷ್ಟ ಕಾದಿದೆ, ಗಟ್ಟಿಯಾಗಿರು ಅಂತ ಎಚ್ಚರಿಕೆ. ಟೋಪಿಗೆ, ಕನ್ನಡಕಕ್ಕೆ ಮಾತ್ರ ಆನ್‌ತ್ಸೀಯೆನ್ ಬರುವುದಿಲ್ಲ, ‘ಔಫ್‌ಜ಼ೆಟ್ಸೆನ್’ ಬರುತ್ತದೆ. ಉಡುವುದು ಬೇರೆ, ತೊಡುವುದು ಬೇರೆ, ಮುಡಿಯುವುದು ಬೇರೆ ಅಂತ ಇಟ್ಟುಕೊಂಡಿರುವ ನಮಗೆ ಇದೇನೂ ವಿಚಿತ್ರ ಅನ್ನಿಸಬೇಕಾಗಿಲ್ಲ.

ಕೊಳ್ಳು ಎಲ್ಲಿಯವರೆಗೆ ದಾರಿ ತೋರಿಸುತ್ತದೆ ಅಂತ ಕೇಳಬಹುದು. ಬಹಳ ದೂರ. ಜ಼ಿಶ್ ಹಿನ್‌ಜ಼ೆಟ್ಸೆನ್ ಅಂದರೆ ಕೂತುಕೊಳ್ಳು, ಜ಼ಿಶ್ ಹಿನ್‌ಲೇಗೆನ್ ಅಂದರೆ ಮಲಗಿಕೊಳ್ಳು, ಜ಼ಿಶ್ ಫೆಸ್ಟ್‌ಹಾಲ್ಟೆನ್ ಅಂದರೆ ಹಿಡಿದುಕೊಳ್ಳು, ಜ಼ಿಶ್ ಫರ್‌ಷ್ಟೆಕೆನ್ ಅಂದರೆ ಬಚ್ಚಿಟ್ಟುಕೊಳ್ಳು. ಮೀರ್ ಬರುವ ಕಡೆಯೂ ಹೀಗೇ: ಜ಼ಿಶ್ ಎಟ್ವಾಸ್ ಮೆರ್ಕೆನ್ ನೆನಪಿಟ್ಟುಕೊಳ್ಳುವುದು, ಜ಼ಿಶ್ ಎಟ್ವಾಸ್ ಔಫ್‌ಶ್ರೈಬೆನ್ ಬರೆದುಕೊಳ್ಳುವುದು. ‘ಬರೆ’ಗೂ ‘ಬರೆದುಕೋ’ಗೂ ಇರುವ ವ್ಯತ್ಯಾಸ, ತನ್ನ ಉಪಯೋಗಕ್ಕೆ ಅನ್ನುವ ಆ ಛಾಯೆ, ಜರ್ಮನ್‌ನಲ್ಲಿ ಮೀರ್ ಹಾಕಿದಾಗ ಬರುವುದೂ ಅದೇ.

ಎಲ್ಲ ಕಡೆ ಹೊಂದುತ್ತದೆ ಅಂತ ನಾನು ಹೇಳುವುದಿಲ್ಲ. ಬಟ್ಟೆ ಬಿಚ್ಚುವಾಗ ನಮಗೆ ಕೊಳ್ಳು ಅಷ್ಟಾಗಿ ಬೇಕಿಲ್ಲ, ಜರ್ಮನ್‌ಗೆ ಅಲ್ಲೂ ಜ಼ಿಶ್ ಬೇಕು. ಖುಷಿಪಡುವುದು ಜ಼ಿಶ್ ಫ್ರೊಯೆನ್, ನೆಗಡಿಯಾಗುವುದು ಜ಼ಿಶ್ ಎರ್‌ಕೆಲ್ಟೆನ್, ಬೇಗ ಮಾಡುವುದು ಜ಼ಿಶ್ ಬೆಐಲೆನ್. ಇಲ್ಲೆಲ್ಲ ಕನ್ನಡದಲ್ಲಿ ಕೊಳ್ಳು ಇಲ್ಲ. ಉಲ್ಟಾ ಕೂಡ ಇದೆ. ತೆಗೆದುಕೊಳ್ಳು ಅನ್ನಲು ಬರೀ ನೇಮೆನ್ ಸಾಕು, ಕಲಿತುಕೊಳ್ಳು ಅನ್ನಲು ಬರೀ ಲೆರ್ನೆನ್ ಸಾಕು. ಇವನ್ನು ಬೇರೆ ಪಟ್ಟಿ ಮಾಡಿ ಉರು ಹೊಡೆಯಲಿ, ಬೇಡ ಅನ್ನುವುದಿಲ್ಲ. ಹೊಂದುವ ಅಷ್ಟನ್ನೂ ಕನ್ನಡ ಕೊಟ್ಟ ಮೇಲೆ ಉರು ಹೊಡೆಯಲು ಉಳಿಯುವುದು ಇಷ್ಟೇ ಅಲ್ವಾ?

ಕೆಲವು ಶಿಕ್ಷಕರು ನನ್ನ ಮಾತಿಗೆ ಒಪ್ಪುವುದಿಲ್ಲ. ಜರ್ಮನ್ ಕಲಿಯುವಾಗ ಬರೀ ಜರ್ಮನ್ ಕೇಳಬೇಕು, ಇನ್ನೊಂದು ಭಾಷೆ ನಡುವೆ ಬರಬಾರದು ಅನ್ನುತ್ತಾರೆ. ನಿಜವಾಗಿಯೂ ತರಗತಿಯಲ್ಲಿ ಬರೀ ಜರ್ಮನ್ ಇದ್ದರೆ ನನ್ನ ತಕರಾರು ಇಲ್ಲ. ನಾನು ಕಂಡ ಹಾಗೆ ಎಷ್ಟೋ ಕಡೆ ಪದ್ಯ, ಸಂಭಾಷಣೆ ಜರ್ಮನ್‌ನಲ್ಲಿ ಇರುತ್ತದೆ, ವ್ಯಾಕರಣ ಬಂದ ತಕ್ಷಣ ಇಂಗ್ಲಿಷ್ ಶುರುವಾಗುತ್ತದೆ. ಇನ್ನೊಂದು ಭಾಷೆ ಬಂದೇ ಬರುತ್ತದೆ ಅಂದ ಮೇಲೆ ಅದು ಜರ್ಮನ್‌ನ ಈ ಗುಣಕ್ಕೆ ಹತ್ತಿರ ಇರುವ, ಎದುರಿಗೆ ಕೂತವರ ಬಾಯಲ್ಲಿರುವ ಭಾಷೆ ಆಗಲಿ ಅನ್ನುವುದಷ್ಟೇ ನನ್ನ ಮಾತು. ಇಂಗ್ಲಿಷ್ ಅಷ್ಟಾಗಿ ಬಾರದ ಹುಡುಗಿಯರು ಜರ್ಮನ್ ನಮ್ಮಿಂದ ಆಗದು ಅಂತ ಪುಸ್ತಕ ಮುಚ್ಚಿಟ್ಟದ್ದನ್ನು ನೋಡಿದ್ದೇನೆ. ಅವರಿಗೆ ಆಗದೇ ಇದ್ದದ್ದು ಇಂಗ್ಲಿಷ್. ಜರ್ಮನ್ ಅವರ ಹತ್ತಿರ ಬರಲೇ ಇಲ್ಲ.

ಕನ್ನಡದ ಮೊದಲ ಪತ್ರಿಕೆಯನ್ನು 1843ರಲ್ಲಿ ಹೊರತಂದ ಹರ್ಮನ್ ಮೊಗ್ಲಿಂಗ್ ಜರ್ಮನ್ ಮನುಷ್ಯ. ಅವರು ನಮ್ಮ ಭಾಷೆಯನ್ನು ಬರೀ ಕಲಿತು ಸುಮ್ಮನಾಗದೆ ಅದರಲ್ಲೇ ಪತ್ರಿಕೆ ನಡೆಸಿದರು. ಈಗ ನಾವು ಅವರ ಭಾಷೆ ಕಲಿಯಲು ಹೊರಟಾಗ ಒಂದು ಕನ್ನಡ ಪತ್ರಿಕೆ ಸ್ವಲ್ಪ ಜಾಗ ಕೊಡಲಿ ಅಂತ ಕೇಳುತ್ತಿದ್ದೇನೆ. ವಾರಕ್ಕೊಂದು ಸಣ್ಣ ಅಂಕಣ ಸಾಕು. ಒಂದು ಸಲಕ್ಕೆ ಒಂದು ಕ್ರಿಯಾಪದ, ಕನ್ನಡದಲ್ಲೇ ವಿವರಣೆ, ನಾಲ್ಕಾರು ವಾಕ್ಯ. ಜರ್ಮನಿಯಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ಕನ್ನಡದ ನರ್ಸ್‌ಗಳು ನಿಮ್ಮ ಓದುಗರಲ್ಲಿ ಇದ್ದೇ ಇರುತ್ತಾರೆ. ವಾರ್ಡಿನಲ್ಲಿ ದಿನಾ ಬೇಕಾಗುವ ಮಾತುಗಳು ಯಾವುವು ಅಂತ ಅವರೇ ಬರೆದು ಕಳಿಸಲಿ. ಮೊದಲ ಕೆಲವು ವಾರಗಳಿಗೆ ಬೇಕಾದದ್ದನ್ನು ನಾನು ಬರೆದುಕೊಡುತ್ತೇನೆ, ಹಣ ಬೇಡ. ಜ಼ಿಶ್ ಆನ್‌ತ್ಸೀಯೆನ್‌ನಿಂದ ಶುರು ಮಾಡಬಹುದು, ಮುಂದಿನದು ಜ಼ಿಶ್ ವಶೆನ್.

ಇಂತಿ,
ಜರ್ಮನ್ ಹೇಳಿಕೊಡುವ ನಿಮ್ಮ ಓದುಗಿ